ಸುರಪುರದ ಮೆಡೋಸ್ ಟೇಲರ್

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಪಾಶ್ಚಾತ್ಯರಲ್ಲಿ ನಾವು ಕೃತಜ್ಞತೆಯಿಂದ ನೆನೆಯುವುದು ಬಹುಮಟ್ಟಿಗೆ ಭಾಷೆಗೂ ಶಾಸನಗಳಿಗೂ ದುಡಿದವರನ್ನು. ಕಿಟೆಲ್ಲರ ನಿಘಂಟು, ರೈಸರ ಶಾಸನ ಸಂಪುಟಗಳು, ಫ್ಲೀಟರ ಲಾವಣಿ ಸಂಗ್ರಹ, ಇವು ಕನ್ನಡ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದವು. ಈ ಸಾಲಿಗೆ ಸೇರದ, ಆದರೆ ಕನ್ನಡ ನೆಲದ ಒಂದು ಮೂಲೆಯಲ್ಲಿ ಇವರೆಲ್ಲರಿಗಿಂತ ಆಳವಾಗಿ ಬೇರೂರಿದ ಇನ್ನೊಬ್ಬನಿದ್ದಾನೆ. ಆತ ನಿಘಂಟನ್ನು ಬರೆಯಲಿಲ್ಲ, ವ್ಯಾಕರಣವನ್ನು ರಚಿಸಲಿಲ್ಲ. ಕತ್ತಿ ಕಟ್ಟಿಕೊಂಡು ಸೈನಿಕನಾಗಿ ಬಂದು, ಕೃಷ್ಣಾ ಭೀಮಾ ನದಿಗಳ ನಡುವಣ ಗಡಿಸೀಮೆಯಲ್ಲಿ ಮನೆ ಕಟ್ಟಿಕೊಂಡು ನೆಲಸಿ, ಒಬ್ಬ ಅರಸುಮಗನಿಂದ ಅಪ್ಪ ಎಂದು ಕರೆಸಿಕೊಂಡವನು ಆತ. ಅವನೇ ಸುರಪುರದ ಫಿಲಿಪ್ ಮೆಡೋಸ್ ಟೇಲರ್.

ಇಂಗ್ಲಿಷ್ ಕಾದಂಬರಿಗಳ ಚರಿತ್ರೆಯಲ್ಲಿ ಟೇಲರನಿಗೆ ಒಂದು ಸ್ಥಾನವುಂಟು. ಠಕ್ಕರನ್ನು ಕುರಿತು ಅವನು ಬರೆದ ಪುಸ್ತಕವನ್ನು ಹೆಸರಿಸದೆ ಆ ಚರಿತ್ರೆ ಮುಂದುವರಿಯುವುದಿಲ್ಲ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಕಾದಂಬರಿಕಾರನ ಕಥೆಯನ್ನಲ್ಲ. ಒಂದು ಸಂಸಾರವನ್ನು ಕಳೆದುಕೊಂಡು ಇನ್ನೊಂದನ್ನು ಕಟ್ಟಿಕೊಳ್ಳಲು ಹೋದ ಮನುಷ್ಯನ ಕಥೆಯನ್ನು. ಅವನ ಸ್ನೇಹ ಎಷ್ಟು ನಿಜವಾಗಿತ್ತೋ ಅವನು ಹೊತ್ತ ಅಧಿಕಾರವೂ ಅಷ್ಟೇ ನಿಜವಾಗಿತ್ತು. ಇವೆರಡರ ನಡುವೆ ಸಿಕ್ಕಿದ ಒಂದು ಎಳೆಯ ಜೀವ ಏನಾಯಿತೆಂಬುದೇ ಅವನ ಬಾಳಿನ ತಿರುಳು ಎಂದು ನನಗೆ ತೋರುತ್ತದೆ.

ಟೇಲರನು ಹುಟ್ಟಿದುದು 1808ನೆಯ ಇಸವಿ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ವರ್ತಕ, ಮಗನ ಹೆಸರೇ ತಂದೆಯ ಹೆಸರೂ ಆಗಿತ್ತು. ತಾಯಿ ಮಿಟ್‌ಫರ್ಡ್ ಎಂಬ ಹಳೆಯ ಕುಲೀನ ಮನೆತನದವಳು. ತಂದೆಯ ವ್ಯಾಪಾರ ಕುಸಿದು ಮನೆಗೆ ಕಷ್ಟ ಬಂದುದರಿಂದ ಹುಡುಗನ ಓದು ಅರ್ಧಕ್ಕೇ ನಿಂತಿತು. ಹದಿನೈದು ವರ್ಷದ ಮಗನನ್ನು 1824ರಲ್ಲಿ ಮುಂಬಯಿಯ ಬ್ಯಾಕ್ಸ್ಟರ್ ಎಂಬ ವರ್ತಕನ ಬಳಿಗೆ ಹಡಗು ಹತ್ತಿಸಿ ಕಳುಹಿಸಿದರು. ಇಪ್ಪತ್ತು ತುಂಬಿದೊಡನೆ ವ್ಯಾಪಾರದಲ್ಲಿ ಪಾಲು ಕೊಡುವೆನೆಂದು ಆ ವರ್ತಕ ಮಾತು ಕೊಟ್ಟಿದ್ದನು. ಹಡಗಿಳಿದು ನೋಡಿದರೆ ವರ್ತಕನೇ ಸಾಲದಲ್ಲಿ ಮುಳುಗಿದ್ದಾನೆ. ಸಾವಿರಾರು ಹರದಾರಿ ದೂರದಿಂದ ಬಂದ ಹುಡುಗನಿಗೆ ಮುಂದೆ ದಾರಿಯಿಲ್ಲ, ಹಿಂದಿರುಗಲು ಮನೆಯಲ್ಲಿ ಅನುಕೂಲವಿಲ್ಲ.

ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ತಾಯಿಯ ಕಡೆಯ ಬಂಧುವೊಬ್ಬನು ಆಗ ನೆರವಿಗೆ ಬಂದನು. ಅವನ ಪ್ರಯತ್ನದಿಂದ ಹೈದರಾಬಾದಿನ ನಿಜಾಮನ ಸೇನೆಯಲ್ಲಿ ಹುಡುಗನಿಗೆ ಒಂದು ಅಧಿಕಾರಿಯ ಸ್ಥಾನ ದೊರೆಯಿತು. ಹದಿನಾರು ವರ್ಷದ ಟೇಲರನು ಔರಂಗಾಬಾದಿಗೆ ಹೋಗಿ ಸೇನೆಯನ್ನು ಸೇರಿದನು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಅವನು ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಸೇರಿದವನಲ್ಲ. ಕಂಪನಿಯ ಕಣ್ಗಾವಲಿನಲ್ಲಿದ್ದ ದೇಶೀಯ ಅರಸನೊಬ್ಬನ ಸೇವೆಗೆ ಸೇರಿದವನು. ಕಂಪನಿಯ ನೌಕರರು ಇಂತಹವರನ್ನು ಒಂದು ಮೆಟ್ಟಿಲು ಕೆಳಗಿನವರೆಂದೇ ಎಣಿಸುತ್ತಿದ್ದರು. ಎರಡು ಅಧಿಕಾರಗಳ ನಡುವಣ ಈ ನೆಲೆ ಅವನನ್ನು ಜೀವಮಾನವೆಲ್ಲ ಬಿಡಲಿಲ್ಲ.

ಬೇಸರದ ಶಿಬಿರಜೀವನದಲ್ಲಿ ಇತರರು ಬೇಟೆಯಲ್ಲಿಯೂ ಜೂಜಿನಲ್ಲಿಯೂ ಹೊತ್ತು ಕಳೆಯುತ್ತಿದ್ದಾಗ ಈ ಯುವಕನು ಭಾಷೆಗಳನ್ನು ಕಲಿತನು. ಹಿಂದೂಸ್ಥಾನಿ, ಮರಾಠಿಗಳಲ್ಲಿ ಅವನಿಗೆ ಒಳ್ಳೆಯ ಪರಿಶ್ರಮ ದೊರೆಯಿತು. ಮೋಜಣಿಯ ವಿದ್ಯೆ, ಚಿತ್ರಕಲೆ, ಚರಿತ್ರೆ, ಕಾನೂನು, ಎಲ್ಲವನ್ನೂ ಅವನು ಗುರುವಿಲ್ಲದೆ ಪುಸ್ತಕಗಳಿಂದಲೂ ಅನುಭವದಿಂದಲೂ ಸಂಪಾದಿಸಿದನು. ಹದಿನೆಂಟು ಹತ್ತೊಂಬತ್ತರ ವಯಸ್ಸಿಗೇ ಹೈದರಾಬಾದು ಸಂಸ್ಥಾನದ ನೈರುತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿಯ ಕೆಲಸ ಅವನ ಪಾಲಿಗೆ ಬಂದಿತು. ದಾರಿಹೋಕರನ್ನು ಸ್ನೇಹದಿಂದ ಸೇರಿಕೊಂಡು ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುವ ಠಕ್ಕರ ಗುಂಪುಗಳ ಸುಳಿವು ಅವನಿಗೆ ಹತ್ತಿದುದು ಆಗಲೇ. ವಿಚಾರಣೆ ಪೂರ್ಣವಾಗುವ ಮೊದಲೇ ಸೇನೆಗೆ ಹಿಂದಿರುಗಬೇಕೆಂದು ಆಜ್ಞೆಯಾಯಿತು. ಠಕ್ಕರನ್ನು ಅಡಗಿಸಿದ ಕೀರ್ತಿ ಮುಂದೆ ಸ್ಲೀಮನನಿಗೆ ಸಂದಿತು. ಟೇಲರನಿಗೆ ಉಳಿದುದು ಸೆರೆಸಿಕ್ಕ ಠಕ್ಕರು ಹೇಳಿದ ಕಥೆಗಳು. ಅವುಗಳಿಂದಲೇ 1839ರಲ್ಲಿ ಅವನ ಮೊದಲನೆಯ ಕಾದಂಬರಿ ಕನ್‌ಫೆಷನ್ಸ್ ಆಫ್ ಎ ಥಗ್ ಪ್ರಕಟವಾಯಿತು. ಅಮೀರ್ ಅಲಿ ಎಂಬ ಠಕ್ಕನು ತನ್ನ ಬಾಳನ್ನು ತಾನೇ ಹೇಳಿಕೊಳ್ಳುವ ಆ ಗ್ರಂಥವನ್ನು ಇಂಗ್ಲೆಂಡಿನ ಜನ ಮುಗಿಬಿದ್ದು ಓದಿದರು. ವಿಕ್ಟೋರಿಯಾ ರಾಣಿ ಅಚ್ಚಿನ ಕರಡುಗಳನ್ನೇ ತರಿಸಿಕೊಂಡು ಓದಿದಳೆಂಬ ಪ್ರತೀತಿಯೂ ಇದೆ. ಮರುವರ್ಷ ಟೀಪು ಸುಲ್ತಾನನನ್ನು ಕುರಿತ ಅವನ ಕಾದಂಬರಿ ಹೊರಬಂದಿತು.

ಇಷ್ಟರೊಳಗೆ ಅವನಿಗೆ ಮದುವೆಯಾಗಿತ್ತು. 1832ರಲ್ಲಿ ಅವನು ಕೈಹಿಡಿದ ಮೇರಿ ಪಾಮರ್, ಹೈದರಾಬಾದಿನಲ್ಲಿ ಪ್ರಸಿದ್ಧನಾಗಿದ್ದ ಸಾಹುಕಾರ ವಿಲಿಯಂ ಪಾಮರನ ಮಗಳು. ನಿಜಾಮನಿಗೇ ಸಾಲ ಕೊಡುತ್ತಿದ್ದ ಆ ಪಾಮರನ ಕೋಠಿ ಕಂಪನಿಯ ವಿರೋಧವನ್ನು ಕಟ್ಟಿಕೊಂಡು ಆಗಲೇ ದಿವಾಳಿಯಾಗಿದ್ದಿತು. ಪಾಮರನ ತಂದೆ ಇಂಗ್ಲಿಷ್ ಸೇನಾನಿ. ತಾಯಿ ಫೈಜ್ ಬಕ್ಷ್ ಎಂಬ ಮುಸಲ್ಮಾನ ಕುಲೀನೆ. ಹೀಗೆ ಟೇಲರನ ಹೆಂಡತಿಯ ಮೈಯಲ್ಲಿ ಭಾರತದ ರಕ್ತವೂ ಹರಿಯುತ್ತಿದ್ದಿತು. ಮಿಶ್ರ ಸಂತಾನದವರನ್ನು ಆಳುವ ಜನ ದೂರವಿಡತೊಡಗಿದ್ದ ಕಾಲವದು. ಅಂತಹ ಕಾಲದಲ್ಲಿ ಈ ಮದುವೆ ಅವನನ್ನು ಡೆಕ್ಕನಿನ ಹಳೆಯ ಸಮಾಜಕ್ಕೆ ಹತ್ತಿರವಾಗಿಸಿತು. ಮಾವನಿಂದ ಅವನು ಹೈದರಾಬಾದಿನ ರಾಜಕೀಯದ ಒಳಹೊರಗನ್ನೆಲ್ಲ ತಿಳಿದುಕೊಂಡನು.

ಸಂಸಾರಸುಖ ಅವನಿಗೆ ಬಹಳ ಕಾಲ ದಕ್ಕಲಿಲ್ಲ. ಹುಟ್ಟಿದ ಮಕ್ಕಳಲ್ಲಿ ಕೆಲವರು ಎಳೆತನದಲ್ಲೇ ತೀರಿಹೋದರು. ಉಳಿದವರು ಆಲಿಸ್, ಏಮಿ ಎಂಬ ಇಬ್ಬರು ಹೆಣ್ಣುಮಕ್ಕಳು. ಅವರು ದೂರದಲ್ಲಿ ಬಂಧುಗಳ ಆಶ್ರಯದಲ್ಲಿ ಬೆಳೆದರು. 1844ರಲ್ಲಿ ಮೇರಿಯೂ ತೀರಿಕೊಂಡಳು. ಟೇಲರನು ಮತ್ತೆ ಮದುವೆಯಾಗಲಿಲ್ಲ. ಮೂವತ್ತಾರು ವರ್ಷಕ್ಕೆ ಅವನು ಹೆಂಡತಿಯಿಲ್ಲದವನು, ಮಕ್ಕಳು ಸಮುದ್ರದಾಚೆ ಇದ್ದವನು. ಅವನ ಕಣ್ಣೆದುರಿಗೆ ಬೆಳೆಯುತ್ತಿದ್ದ ಮಗು ಒಂದೇ ಒಂದು: ಸುರಪುರದ ಅರಸುಮಗ ವೆಂಕಟಪ್ಪನಾಯಕ.

ಸುರಪುರದ ವಿಚಾರವನ್ನು ದಕ್ಷಿಣದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾದೀತು. ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಈ ಊರು ಬೇಡ ನಾಯಕ ಅರಸರ ರಾಜಧಾನಿಯಾಗಿದ್ದಿತು. ಮೊಗಲ್ ಬಾದಶಹ ಔರಂಗಜೇಬನು ತನ್ನ ಇಳಿವಯಸ್ಸಿನಲ್ಲಿ, 1705ರಲ್ಲಿ, ಸ್ವತಃ ಬಂದು ಮುತ್ತಿಗೆ ಹಾಕಿದ ವಾಗಣಗೇರಿಯ ಕೋಟೆ ಈ ಮನೆತನದ್ದೇ. ಕೋಟೆ ಬಿದ್ದರೂ ಪಿಡ್ಡನಾಯಕನು ಬೀಳಲಿಲ್ಲ. ಸುತ್ತಲೂ ಬೆಟ್ಟಗಳ ಗೋಡೆ, ಒಳಗೆ ಗುರಿ ತಪ್ಪದ ಬೇಡರ ಪಡೆ, ಹೀಗೆ ಸುರಪುರ ತನ್ನ ತಲೆಯನ್ನು ಎತ್ತಿಕೊಂಡೇ ಉಳಿಯಿತು. ಲಕ್ಷ್ಮೀಶ ಕವಿಯ ದೇವಪುರ ಈ ಸೀಮೆಯದೆಂದು ವಾದಿಸಿದ ವಿದ್ವಾಂಸರೂ ಉಂಟೆಂಬುದನ್ನು ಕಾವ್ಯಾಭ್ಯಾಸಿಗಳು ಬಲ್ಲರು.

ನಾನು ಚಂದಕವಾಡಿಯ ಕಡೆಯವನು. ಕನ್ನಡ ನಾಡಿನ ಒಂದು ತುದಿಯಲ್ಲಿ ಸುರಪುರ. ಇನ್ನೊಂದು ತುದಿಯಲ್ಲಿ, ಬಿಳಿಗಿರಿರಂಗನ ಬೆಟ್ಟದ ಮಗ್ಗುಲಲ್ಲಿ ನಮ್ಮ ಹೋಬಳಿ. ಆದರೂ ಟೇಲರನ ಕಥೆಯನ್ನು ಓದುವಾಗ ಅದು ನನಗೆ ಪರದೇಶದ ಕಥೆಯೆನಿಸಲಿಲ್ಲ. ಚಾಮರಾಜನಗರದ ಸುತ್ತಿನ ಊರುಗಳಲ್ಲಿ ನಾಯಕ ಜನರ ಮನೆಗಳು ಬಹಳ. ಮಳೆಯನ್ನು ನೆಚ್ಚಿ ಉತ್ತು ಬಿತ್ತುವ ಸೀಮೆಯಲ್ಲಿ ಕೆರೆಯೊಂದರ ಏರಿ ಎಂದರೆ ಏನೆಂಬುದು ನಮ್ಮ ಜನಕ್ಕೆ ಬೇರೆ ಹೇಳಬೇಕಾಗಿಲ್ಲ. ಎರಡು ರಾಜ್ಯಗಳ ಅಂಚಿನಲ್ಲಿ ಬದುಕುವವರು ಅಧಿಕಾರದ ಬದಲಾವಣೆಯನ್ನು ಮೊದಲು ಅನುಭವಿಸುತ್ತಾರೆಂಬುದೂ ಗಡಿಯವರಿಗೆ ತಿಳಿದ ಮಾತೇ.

1840ರಲ್ಲಿ ಟೇಲರನು ರಜೆ ಮುಗಿಸಿ ಇಂಗ್ಲೆಂಡಿನಿಂದ ಹಿಂದಿರುಗಿದನು. ಮರುವರ್ಷ ಹೈದರಾಬಾದಿನ ರೆಸಿಡೆಂಟನಾಗಿದ್ದ ಜನರಲ್ ಫ್ರೇಸರನು ಅವನನ್ನು ಸುರಪುರದ ವ್ಯವಹಾರಕ್ಕೆ ನೇಮಿಸಿದನು. ನಿಜಾಮನಿಗೆ ಸಲ್ಲಬೇಕಾದ ಕಪ್ಪದ ಬಾಕಿ ಬೆಳೆದು ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ರಾಜಾ ಕೃಷ್ಣಪ್ಪನಾಯಕನು ಕಾಲವಾದ ಮೇಲೆ ಪಟ್ಟಕ್ಕೆ ಬರಬೇಕಾದವನು ಏಳೆಂಟು ವರ್ಷದ ಬಾಲಕ. ಬಾಲಕನ ತಾಯಿ ರಾಣಿ ಈಶ್ವರಮ್ಮ ಆಡಳಿತ ತನ್ನ ಕೈಯಲ್ಲಿರಬೇಕೆಂದಳು. ಕೃಷ್ಣಪ್ಪನ ತಮ್ಮ ಪಿಡ್ಡನಾಯಕನು ತನಗೆ ಸಲ್ಲಬೇಕೆಂದನು. ಅರಮನೆ ಎರಡು ಪಕ್ಷವಾಗಿ ಒಡೆದಿತ್ತು. ಟೇಲರನು ಕೋಟೆಯೊಳಕ್ಕೆ ಹೋಗಿ, ಹೆದರಿಸಬೇಕಾದ ಕಡೆ ಹೆದರಿಸಿ, ಒಲಿಸಬೇಕಾದ ಕಡೆ ಒಲಿಸಿ, ರಾಣಿಯ ಕೈಯಿಂದ ಅಧಿಕಾರವನ್ನು ಬಿಡಿಸಿದನು. ಕೆಲಕಾಲ ಪಿಡ್ಡನಾಯಕನ ಹೆಸರಿನಲ್ಲಿ ಆಡಳಿತ ನಡೆದು, ಕಡೆಗೆ ಅದೂ ಟೇಲರನ ಕೈಗೇ ಸೇರಿತು.

ರಾಣಿ ಈಶ್ವರಮ್ಮನ ಚಿತ್ರ ನಮಗೆ ದೊರೆಯುವುದು ಟೇಲರನ ಆತ್ಮಕಥೆಯಿಂದಲೇ. ಅಲ್ಲಿ ಆಕೆ ಹಟಮಾರಿ, ಒಳಸಂಚುಗಾರ್ತಿ, ಒಮ್ಮೊಮ್ಮೆ ಧೈರ್ಯವಂತೆ. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ಮಗನನ್ನೂ ಮಗನ ರಾಜ್ಯವನ್ನೂ ಪರದೇಶದವನೊಬ್ಬನ ಕೈಗೆ ಬಿಡಲೊಲ್ಲೆನೆಂದರೆ ಅದನ್ನು ಒಳಸಂಚೆಂದು ಮಾತ್ರ ಕರೆಯುವುದು ಹೇಗೆ? ಆಕೆಯ ಪಕ್ಷವನ್ನು ಹೇಳುವ ಲೇಖನಿ ಇರಲಿಲ್ಲ. ವಿದ್ಯಾರ್ಥಿಗಳು ಆತ್ಮಕಥೆಗಳನ್ನು ಓದುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬರೆದವನು ಪ್ರಾಮಾಣಿಕನಾಗಿದ್ದರೂ ಬರೆಯದೆ ಹೋದವರ ಪಾಲಿನ ಸತ್ಯ ಅವನ ಪುಟಗಳಲ್ಲಿ ಅರ್ಧ ಮಾತ್ರ ಕಾಣಿಸುತ್ತದೆ.

ಟೇಲರನು ಸುರಪುರದಲ್ಲಿ 1853ರವರೆಗೆ, ಹನ್ನೆರಡು ವರ್ಷಗಳ ಕಾಲ, ಉಳಿದನು. ಬೆಟ್ಟದ ಮೇಲೆ ಮನೆ ಕಟ್ಟಿಸಿಕೊಂಡನು. ಅದನ್ನು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ಕಂದಾಯದ ಲೆಕ್ಕ ಸರಿಹೋಯಿತು, ಸಾಲ ತೀರಿತು, ದಾರಿಗಳು ಕಳ್ಳರ ಭಯವಿಲ್ಲದೆ ನಡೆಯತಕ್ಕವಾದವು. ಬೇಡರ ಮುಖಂಡರನ್ನು ದಂಡು ತಂದು ಬಗ್ಗಿಸುವುದಕ್ಕೆ ಬದಲಾಗಿ ಅವರ ನಡುವೆ ಕುಳಿತು ಅವರ ಹಕ್ಕುಬಾಧ್ಯತೆಗಳನ್ನು ವಿಚಾರಿಸಿ ತೀರ್ಮಾನಿಸುವ ಪದ್ಧತಿಯನ್ನು ಅವನು ಹಿಡಿದನು. ನಾಯಕ ಅರಸರ ಕಾಲದ ಬೋನಾಳದ ಕೆರೆಯನ್ನು ಹಿಗ್ಗಿಸಿ ಭದ್ರಪಡಿಸಿದನು. ಅಂದು ಹೊಲಗಳಿಗೆ ನೀರುಣಿಸಲೆಂದು ಏರಿ ಹಾಕಿಸಿದ ಆ ಕೆರೆ ಇಂದು ಪಕ್ಷಿಧಾಮವೂ ಆಗಿದೆ.

ಅವನ ಕುತೂಹಲಕ್ಕೆ ಮೇರೆಯಿರಲಿಲ್ಲ. ರಾಜನಕೋಳೂರು, ಜೇವರ್ಗಿ ಮುಂತಾದ ಕಡೆ ಬಯಲಿನಲ್ಲಿ ನಿಂತ ಕಲ್ಲುಚಪ್ಪಡಿಗಳ ಗೂಡುಗಳನ್ನೂ ಕಲ್ಲುಗುಪ್ಪೆಗಳ ವೃತ್ತಗಳನ್ನೂ ಅವನು ಕಂಡನು. ಕುಳ್ಳರಾದ ಮೋರಿಯರೆಂಬ ಪೂರ್ವದ ಜನ ಕಟ್ಟಿಕೊಂಡ ಮನೆಗಳಿವು ಎಂದು ಹಳ್ಳಿಗರು ಹೇಳುತ್ತಿದ್ದರು. ಟೇಲರನು ಅಗೆಸಿ ನೋಡಿದಾಗ ಮೂಳೆ, ಮಡಕೆ, ಕಬ್ಬಿಣದ ಆಯುಧಗಳು ದೊರೆತವು. ಇವು ಸಮಾಧಿಗಳೆಂದು ಗುರುತಿಸಿ, ಬ್ರಿಟನ್ನಿನ ಹಳೆಯ ಶಿಲಾಸಮಾಧಿಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ವಿವರಿಸಿ ಅವನು ಲೇಖನಗಳನ್ನು ಪ್ರಕಟಿಸಿದನು. ದಕ್ಷಿಣ ಭಾರತದ ಬೃಹತ್ ಶಿಲಾಸಂಸ್ಕೃತಿಯ ಅಭ್ಯಾಸದ ಮೊದಲಿಗರಲ್ಲಿ ಅವನೂ ಒಬ್ಬನಾದುದು ಹೀಗೆ. ಇದರ ಜೊತೆಗೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ 1840ರಿಂದ 1853ರವರೆಗೆ ಭಾರತದ ವರ್ತಮಾನಗಳನ್ನು ಬರೆದು ಕಳುಹಿಸುತ್ತಿದ್ದನು.

ಇಷ್ಟೆಲ್ಲ ಕೆಲಸಗಳ ನಡುವೆ ಅವನು ತನ್ನ ಮನಸ್ಸನ್ನು ಇಟ್ಟುದು ಬಾಲಕನ ಮೇಲೆ. ವೆಂಕಟಪ್ಪನಿಗೆ ಓದುಬರೆಹ ಕಲಿಸಲು ಏರ್ಪಾಡು ಮಾಡಿದನು, ಜೊತೆಯಲ್ಲಿ ಸವಾರಿಗೆ ಕರೆದೊಯ್ದನು, ಲೆಕ್ಕಪತ್ರಗಳನ್ನು ನೋಡುವ ಕ್ರಮವನ್ನು ತೋರಿಸಿಕೊಟ್ಟನು. ಹುಡುಗ ಅವನನ್ನು ಅಪ್ಪ ಎಂದು ಕರೆದನು. ಆ ಮಾತನ್ನು ಕೇಳಿದಾಗ ದೂರದ ಹೆಣ್ಣುಮಕ್ಕಳನ್ನೂ ಮಣ್ಣಿಗೆ ಕೊಟ್ಟ ಕೂಸುಗಳನ್ನೂ ಅವನು ನೆನೆಯದೆ ಇದ್ದಿರಲಾರನು. ಆದರೆ ಅದೇ ವೇಳೆ ಆ ಹುಡುಗನ ರಾಜ್ಯದ ಕೀಲಿಕೈ ಅವನ ಸೊಂಟದಲ್ಲಿಯೇ ಇತ್ತು. ಹೆತ್ತ ತಾಯಿಯನ್ನು ಅಧಿಕಾರದಿಂದ ದೂರ ಮಾಡಿದವನೇ ಸಾಕುತಂದೆಯೂ ಆದನು. ಹುಡುಗನಿಗೆ ಈ ಎರಡೂ ತಿಳಿದಿದ್ದವು.

ಒಂದು ರಾತ್ರಿ ರಾಣಿಗೆ ಕಾಯಿಲೆ ಬಹಳ ಬಲವಾಯಿತು. ತಾನು ಉಳಿಯುವುದಿಲ್ಲವೆಂದು ತಿಳಿದು ಆಕೆ ಟೇಲರನನ್ನು ಕರೆಸಿದಳು. ಹಳೆಯ ವೈರ ಆ ವೇಳೆಗೆ ಕರಗಿದ್ದಿತು. ಮಗನ ಜಾತಕವನ್ನು ತರಿಸಿ, ಅವನು ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ತೀರಿಕೊಳ್ಳುವನೆಂದು ಬರೆದಿರುವ ಗುಟ್ಟನ್ನು ಅವನಿಗೆ ತಿಳಿಸಿದಳು. ಜಾತಕ ಬರೆದ ಶಾಸ್ತ್ರಿಯೂ ಅಲ್ಲಿದ್ದನು. ಟೇಲರನು ಅದನ್ನು ನಂಬಲಿಲ್ಲ. ಆದರೆ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಅದನ್ನು ನಡೆಸಿದನು. ಆಗ ರಾಣಿ ಬದುಕಿಕೊಂಡಳು. ಮಗನ ಆಯುಷ್ಯದ ಗುಟ್ಟನ್ನು ತನ್ನ ಅಧಿಕಾರವನ್ನು ಕಿತ್ತುಕೊಂಡವನ ಕೈಗೇ ಆಕೆ ಒಪ್ಪಿಸಿದಳೆಂದರೆ, ಆತನ ಸ್ನೇಹದಲ್ಲಿ ಆಕೆಗೆ ಹುಟ್ಟಿದ ನಂಬಿಕೆಗೆ ಬೇರೆ ಸಾಕ್ಷ್ಯ ಬೇಕಿಲ್ಲ.

1853ರಲ್ಲಿ ವೆಂಕಟಪ್ಪನಾಯಕನು ಪ್ರಾಪ್ತವಯಸ್ಕನಾಗಿ ರಾಜ್ಯವನ್ನು ವಹಿಸಿಕೊಂಡನು. ಸಾಲವಿಲ್ಲದ ಸಂಸ್ಥಾನವನ್ನೂ ತುಂಬಿದ ಬೊಕ್ಕಸವನ್ನೂ ಟೇಲರನು ಒಪ್ಪಿಸಿಕೊಟ್ಟನು. ಅದೇ ವರ್ಷ ನಿಜಾಮನು ಕಂಟಿಂಜೆಂಟ್ ಸೇನೆಯ ವೆಚ್ಚದ ಬಾಬ್ತು ಬೀರಾರ್, ರಾಯಚೂರು, ನಳದುರ್ಗದ ಸೀಮೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. ಟೇಲರನು ನಳದುರ್ಗಕ್ಕೆ ಹೋದನು. ಅಲ್ಲಿಯೂ ಮೋಜಣಿ, ರಸ್ತೆ, ಕೆರೆಗಳ ಕೆಲಸ ಭರದಿಂದ ನಡೆಯಿತು; ಜನ ಅವನಿಗೆ ಮಹಾದೇವ ಬಾಬಾ ಎಂದು ಜಯಕಾರ ಹಾಕಿದರಂತೆ. ಸುರಪುರದಲ್ಲಾದರೋ ಹತ್ತೊಂಬತ್ತರ ಹರೆಯದ ಅರಸನು ಒಬ್ಬಂಟಿಗನಾದನು. ಹೊಗಳುಭಟ್ಟರು ಸುತ್ತ ನೆರೆದರು, ಖರ್ಚು ಬೆಳೆಯಿತು, ತೀರಿದ್ದ ಸಾಲ ಮತ್ತೆ ಹುಟ್ಟಿತು. ಹನ್ನೆರಡು ವರ್ಷ ಎಲ್ಲವನ್ನೂ ಒಬ್ಬನೇ ನಡೆಸಿದ ಆಡಳಿತದ ನೆರಳಿನಲ್ಲಿ ಇನ್ನೊಬ್ಬ ಆಡಳಿತಗಾರ ಬೆಳೆಯಲಿಲ್ಲ. ದೊಡ್ಡ ಮರದ ಬುಡದಲ್ಲಿ ಸಸಿ ಚಿಗುರದೆಂಬ ನಮ್ಮ ರೈತರ ತಿಳಿವಳಿಕೆ ರಾಜ್ಯಗಳಿಗೂ ಸಲ್ಲುತ್ತದೆ.

1857ರ ದಂಗೆಯ ಬೆಂಕಿ ಉತ್ತರದಲ್ಲಿ ಎದ್ದಾಗ ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಹೊಗೆಯಾಡಿತು. ಟೇಲರನನ್ನು ಬೀರಾರಿಗೆ ಕಳುಹಿಸಿದರು. ಕಳುಹಿಸುವಾಗ ಕೊಡಲು ಸೈನಿಕರಿರಲಿಲ್ಲ. ಬರಿಯ ಹೆಸರಿನ ಬಲದಿಂದ ಅವನು ಆ ಸೀಮೆಯನ್ನು ಶಾಂತವಾಗಿಟ್ಟನು. ಆದರೆ ಅವನ ಹೆಸರು ಅತ್ಯಂತ ಹೆಚ್ಚಾಗಿ ನಡೆಯಬಹುದಾಗಿದ್ದ ಸುರಪುರದಿಂದ ಅವನು ನೂರಾರು ಮೈಲಿ ದೂರದಲ್ಲಿದ್ದನು. ದಂಗೆಯ ಕಡೆಯ ದೂತರು ವೆಂಕಟಪ್ಪನಾಯಕನ ಬಳಿಗೂ ಬಂದರು. ಬೇಡರ ಪಡೆ ಸಜ್ಜಾಯಿತು. ಅರಸನಿಗೆ ಬುದ್ಧಿ ಹೇಳಲೆಂದು ಬಂದ ಕ್ಯಾಪ್ಟನ್ ಕ್ಯಾಂಪ್‌ಬೆಲ್ಲನ ಪ್ರಯತ್ನ ಫಲಿಸಲಿಲ್ಲ. 1858ರ ಫೆಬ್ರವರಿಯಲ್ಲಿ ಬೇಡರು ಇಂಗ್ಲಿಷರ ಶಿಬಿರದ ಮೇಲೆ ಬಿದ್ದರು. 8ನೆಯ ತಾರೀಖಿನ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಮಡಿದನು. ಹೆಚ್ಚಿನ ಸೈನ್ಯ ಬರುತ್ತಿರುವುದನ್ನು ತಿಳಿದು ಅರಸನು ಕೆಲವೇ ಸವಾರರೊಡನೆ ಹೈದರಾಬಾದಿಗೆ ತಪ್ಪಿಸಿಕೊಂಡು ಹೋದನು. ಅಲ್ಲಿ ಹಿಡಿದವರು ಅವನನ್ನು ದಿವಾನ ಸಾಲಾರ್ ಜಂಗನ ಬಳಿಗೆ ಒಯ್ದರು. ದಿವಾನನು ರೆಸಿಡೆಂಟನಿಗೆ ಒಪ್ಪಿಸಿದನು.

ಟೇಲರನನ್ನು ಮತ್ತೆ ಸುರಪುರಕ್ಕೆ ನೇಮಿಸಿದರು. ಹೋಗುವ ದಾರಿಯಲ್ಲಿ ಅವನು ಹೈದರಾಬಾದಿನ ಸೆರೆಮನೆಯಲ್ಲಿ ಅರಸನನ್ನು ಕಂಡನು. ಯುವಕನು ಅಪ್ಪ ಎನ್ನುತ್ತ ಅವನನ್ನು ತಬ್ಬಿ ಅತ್ತನು. ಟೇಲರನೂ ಕಣ್ಣೀರಿಟ್ಟನು. ಪ್ರೇರೇಪಿಸಿದವರ ಹೆಸರುಗಳನ್ನು ಹೇಳಿದರೆ ಪ್ರಾಣಕ್ಕೆ ಅನುಕೂಲವಾದೀತೆಂಬ ಸೂಚನೆಗೆ ಅರಸನು ಬಗ್ಗಲಿಲ್ಲ. ನಂಬಿದವರನ್ನು ಹಿಡಿದುಕೊಡುವುದು ಬೇಡನಿಗೆ ಸಲ್ಲದೆಂಬುದು ಅವನ ನಿಲುವಾಗಿತ್ತು. ವಿಚಾರಣೆಯಾಗಿ ಮರಣದಂಡನೆ ವಿಧಿಸಿದರು. ರೆಸಿಡೆಂಟನು ಅದನ್ನು ಜೀವಾವಧಿ ಗಡೀಪಾರಾಗಿ ಇಳಿಸಿದನು. ಗವರ್ನರ್ ಜನರಲ್ಲನು ಇನ್ನೂ ಇಳಿಸಿ, ಚೆಂಗಲ್ಪಟ್ಟಿನ ಕಡೆಯ ಕೋಟೆಯೊಂದರಲ್ಲಿ ನಾಲ್ಕು ವರ್ಷಗಳ ಸೆರೆವಾಸವೆಂದು ನಿಶ್ಚಯಿಸಿದನು. ನಡತೆ ಸರಿಯಾಗಿದ್ದರೆ ರಾಜ್ಯ ಹಿಂದಿರುಗುವ ಆಸೆಯೂ ಅದರಲ್ಲಿತ್ತು.

ಸುರಪುರದಲ್ಲಿದ್ದ ಟೇಲರನಿಗೆ ಈ ವರ್ತಮಾನ ತಲುಪಿದಾಗ ಅವನ ಸಂತೋಷಕ್ಕೆ ಪಾರವಿರಲಿಲ್ಲ. ಹಳೆಯ ಶಾಸ್ತ್ರಿಯನ್ನು ಕರೆಸಿ, ಜಾತಕ ಸುಳ್ಳಾಯಿತಲ್ಲ ಎಂದು ಕೇಳಿದನು. ಶಾಸ್ತ್ರಿ ತಲೆಯಾಡಿಸಿ, ಇಪ್ಪತ್ತನಾಲ್ಕನೆಯ ವರ್ಷ ಇನ್ನೂ ಮುಗಿದಿಲ್ಲವೆಂದನು. ಕೆಲದಿನಗಳಲ್ಲೇ ಸುದ್ದಿ ಬಂದಿತು. ಸೆರೆಯ ಕೋಟೆಗೆ ಹೊರಟ ಅರಸನು ಮೊದಲನೆಯ ಬಿಡಾರದಲ್ಲೇ, ಕಾವಲಿನ ಅಧಿಕಾರಿ ತೆಗೆದಿರಿಸಿದ್ದ ಪಿಸ್ತೂಲಿನ ಗುಂಡಿನಿಂದ ತೀರಿಕೊಂಡಿದ್ದನು. ಅವನೇ ಹಾರಿಸಿಕೊಂಡನೋ, ಕೈತಪ್ಪಿ ಹಾರಿತೋ ಎಂಬುದು ತೀರ್ಮಾನವಾಗದ ಪ್ರಶ್ನೆ. ಅದು 1858ರ ಮೇ ತಿಂಗಳು.

ಈ ಘಟನೆಯನ್ನು ಜಾತಕದ ಕಥೆಯಾಗಿ ಓದುವವರು ಬಹಳ ಮಂದಿ. ವಿಸ್ಮಯದ ಕಥೆಯೆಂದು ಅದು ಬಾಯಿಂದ ಬಾಯಿಗೆ ಹರಡಿದೆ. ನನಗೆ ಮುಖ್ಯವೆನಿಸುವುದು ಬೇರೊಂದು. ದಯೆ ತೋರಿಸಿದವರೆಲ್ಲರೂ ಆ ತರುಣನನ್ನು ಅಪರಾಧಿಯಾಗಿಯೋ ತಿದ್ದಬೇಕಾದ ಹುಡುಗನಾಗಿಯೋ ಕಂಡರೇ ಹೊರತು, ತನ್ನ ನೆಲವನ್ನು ತಾನೇ ಆಳಬೇಕೆಂದು ಎದ್ದ ಅರಸನಾಗಿ ಯಾರೂ ಕಾಣಲಿಲ್ಲ. ಅವನನ್ನು ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದ ಟೇಲರನೂ ಕಾಣಲಿಲ್ಲ. ಕೆಟ್ಟ ಸಹವಾಸದಿಂದ ದಾರಿ ತಪ್ಪಿದ ಮಗನೆಂದೇ ಅವನು ಕಡೆಯವರೆಗೂ ತಿಳಿದನು. ಔರಂಗಜೇಬನಿಗೆ ಬಗ್ಗದ ಮನೆತನದಲ್ಲಿ ಹುಟ್ಟಿದವನು ಕಪ್ಪ, ಬಾಕಿ, ಏಜೆಂಟರ ಅಪ್ಪಣೆಗಳ ನಡುವೆ ಏನು ನೆನೆದು ಬೆಳೆದನೆಂಬುದು ಆ ಪ್ರೀತಿಗೆ ಕಾಣಿಸಲಿಲ್ಲ. ಪ್ರೀತಿ ಸುಳ್ಳಾಗಿತ್ತೆಂದು ನಾನು ಹೇಳುವುದಿಲ್ಲ. ಅಧಿಕಾರದ ಎತ್ತರದಲ್ಲಿ ನಿಂತ ಪ್ರೀತಿಗೆ ಕೆಳಗಿರುವವನ ಮುಖ ಕಾಣುತ್ತದೆ, ಅವನ ಮನಸ್ಸು ಕಾಣುವುದಿಲ್ಲ.

ಸುರಪುರ ಸಂಸ್ಥಾನ ಅಲ್ಲಿಗೆ ಕೊನೆಗೊಂಡಿತು. ಟೇಲರನು ಕಮಿಷನರನಾಗಿ ಎರಡು ವರ್ಷ ಅಲ್ಲಿ ಆಡಳಿತ ನಡೆಸಿದನು. ತಾನು ಬೆಳೆಸಿದ ಹುಡುಗನಿಲ್ಲದ ಅರಮನೆಯ ಎದುರಿನಲ್ಲಿ ಅವನು ಕಂದಾಯದ ಲೆಕ್ಕ ನೋಡಬೇಕಾಯಿತು. 1860ರಲ್ಲಿ ಇಂಗ್ಲಿಷರು, ದಂಗೆಯ ಕಾಲದಲ್ಲಿ ತಮ್ಮ ಪಕ್ಷದಲ್ಲಿ ನಿಂತ ನಿಜಾಮನಿಗೆ ಸುರಪುರವನ್ನು ಬಹುಮಾನವಾಗಿ ಕೊಟ್ಟರು. ಆರೋಗ್ಯ ಕೆಟ್ಟಿದ್ದ ಟೇಲರನು ಅದೇ ವರ್ಷ ಭಾರತವನ್ನು ಬಿಟ್ಟು ಹೊರಟನು. ಅವನು ಹನ್ನೆರಡು ವರ್ಷ ದುಡಿದು ಉಳಿಸಿದ ರಾಜ್ಯ ಕಡೆಗೆ ಇಬ್ಬರು ದೊಡ್ಡವರ ನಡುವಣ ಉಡುಗೊರೆಯ ವಸ್ತುವಾಯಿತು.

ಭಾರತದಿಂದ ಹಿಂದಿರುಗಿದ ಮೇಲೆ ಅವನು ಬೆಳೆದುನಿಂತ ಹೆಣ್ಣುಮಕ್ಕಳೊಡನೆ ಮತ್ತೆ ಒಂದು ಮನೆ ಕಟ್ಟಿದನು. ಲೇಖನಿಯನ್ನು ಮತ್ತೆ ಕೈಗೆತ್ತಿಕೊಂಡನು. 1863ರಲ್ಲಿ ತಾರಾ, 1865ರಲ್ಲಿ ರಾಲ್ಫ್ ಡಾರ್ನೆಲ್, 1872ರಲ್ಲಿ ಸೀತಾ ಎಂಬ ಕಾದಂಬರಿಗಳು ಪ್ರಕಟವಾದವು. ಶಿವಾಜಿಯ ಉದಯದ ಕಾಲ, ಪ್ಲಾಸಿಯ ಕಾಲ, 1857ರ ಕಾಲ, ಹೀಗೆ ನೂರು ನೂರು ವರ್ಷಗಳ ಅಂತರದಲ್ಲಿ ಭಾರತದ ಮೂರು ಸಂಧಿಕಾಲಗಳನ್ನು ಅವು ಚಿತ್ರಿಸುತ್ತವೆ. ಸೀತಾ ಕಾದಂಬರಿಯಲ್ಲಿ ಹಿಂದೂ ವಿಧವೆಯೊಬ್ಬಳನ್ನು ಇಂಗ್ಲಿಷ್ ಅಧಿಕಾರಿ ಮದುವೆಯಾಗುತ್ತಾನೆ. ದಂಗೆಯ ಕಹಿ ಇನ್ನೂ ಆರದಿದ್ದ ದಿನಗಳಲ್ಲಿ ಆ ವಸ್ತುವನ್ನು ಆರಿಸಿಕೊಳ್ಳಲು ಧೈರ್ಯ ಬೇಕಾಗಿತ್ತು. ಮೇರಿ ಪಾಮರಳ ಗಂಡನಿಗೆ ಆ ಧೈರ್ಯವಿದ್ದುದು ಆಶ್ಚರ್ಯವಲ್ಲ. ಅಹಮದನಗರದ ಚಾಂದಬೀಬಿಯನ್ನು ಕುರಿತ ಕಾದಂಬರಿ ಅವನ ಮರಣಾನಂತರ 1878ರಲ್ಲಿ ಹೊರಬಂದಿತು.

ಕೊನೆಗಾಲದಲ್ಲಿ ಅವನ ಕಣ್ಣುಗಳು ಮಂದವಾದವು. 1875ರಲ್ಲಿ ಅವನು ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಹಳೆಯ ಸ್ನೇಹಿತರು ಆದರಿಸಿದರು. ಆದರೆ ಜ್ವರ ಹಿಡಿದು ಉಳಿದಿದ್ದ ದೃಷ್ಟಿಯೂ ಹೋಯಿತು. ಇಂಗ್ಲೆಂಡಿಗೆ ಹಿಂದಿರುಗುವ ದಾರಿಯಲ್ಲಿ, ಫ್ರಾನ್ಸಿನ ಮಾಂತೋ ಎಂಬ ಕಡಲತೀರದ ಊರಿನಲ್ಲಿ, 1876ನೆಯ ಇಸವಿ ಮೇ 13ರಂದು ಅವನು ಕಾಲವಾದನು. ಅವನು ಬರೆದಿಟ್ಟಿದ್ದ ಆತ್ಮಕಥೆಯನ್ನು ಮಗಳು ಆಲಿಸ್ ಸಿದ್ಧಪಡಿಸಿ 1877ರಲ್ಲಿ ಪ್ರಕಟಿಸಿದಳು. ತಂದೆಯಿಂದ ದೂರದಲ್ಲಿ ಬಾಲ್ಯ ಕಳೆದ ಮಗಳು, ತಂದೆ ಅಪ್ಪನೆನಿಸಿಕೊಂಡ ಇನ್ನೊಂದು ಮಗುವಿನ ಕಥೆಯನ್ನು ಅಚ್ಚಿಗೆ ಕೊಟ್ಟಳು.

ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಇಂದು ಸುರಪುರದ ರಾಜಾ ವೆಂಕಟಪ್ಪನಾಯಕನ ಹೆಸರು ಗೌರವದಿಂದ ಸಲ್ಲುತ್ತದೆ. ಅದು ನ್ಯಾಯವಾದುದೇ. ಆದರೆ ಆ ಅರಸನ ಬಾಲ್ಯ, ಅವನ ತಾಯಿಯ ದುಃಖ, ಸೆರೆಮನೆಯಲ್ಲಿ ಅವನು ತೋರಿದ ನಿಷ್ಠೆ, ಇವನ್ನೆಲ್ಲ ಹತ್ತಿರದಿಂದ ತಿಳಿಯಬೇಕಾದರೆ ನಾವು ಅವನನ್ನು ಆಳಿದವನ ಪುಸ್ತಕವನ್ನೇ ಕೈಗೆತ್ತಿಕೊಳ್ಳಬೇಕಾಗಿದೆ. ಚರಿತ್ರೆ ನಮಗೆ ಕೊಟ್ಟಿರುವ ದಾರಿ ಇದು. ಇದನ್ನು ಬಿಟ್ಟುಬಿಡುವಂತಿಲ್ಲ, ಕಣ್ಣುಮುಚ್ಚಿ ನಡೆಯುವಂತೆಯೂ ಇಲ್ಲ. ಟೇಲರನ ಆತ್ಮಕಥೆಯನ್ನು ಓದುವ ವಿದ್ಯಾರ್ಥಿಗಳು ಕೆರೆ ಕಟ್ಟಿಸಿದವನನ್ನು ಮೆಚ್ಚಲಿ, ಮಗನಿಗಾಗಿ ಅತ್ತವನನ್ನು ಕಂಡು ಮರುಗಲಿ. ಅದರ ಜೊತೆಗೆ, ಅರಸನಿಗೆ ಲೇಖನಿ ಸಿಕ್ಕಿದ್ದರೆ ಅವನು ಈ ಅಪ್ಪನನ್ನು ಕುರಿತು ಏನು ಬರೆಯುತ್ತಿದ್ದನೆಂಬ ಪ್ರಶ್ನೆಯನ್ನೂ ಪುಟಪುಟಕ್ಕೆ ಕೇಳಿಕೊಳ್ಳಲಿ.